ಸಿಟ್ಟು ಬಂದಾಗ ಇಳಿಯುವ ಬ್ಯಾಟರಿ

ದಾಕ್ಷಾಯಣಿಗೆ ಸಿಟ್ಟು ಬಂದಾಗಲೆಲ್ಲ ಬ್ಯಾಟರಿ ಇಳಿಯುತ್ತಿತ್ತು.

ಇದು ಮನೆಮಂದಿಗೆಲ್ಲ ಗೊತ್ತಿದ್ದ ಸಂಗತಿ. ಹುಬ್ಬಳ್ಳಿಯ ಹಳೇ ಪೇಟೆಯ ಓಣಿಯಲ್ಲಿದ್ದ ಅವರ ಖಾನಾವಳಿಗೆ ದಿನಾ ಉಣ್ಣಲು ಬರುವ ಗಿರಾಕಿಗಳಿಗೂ ಗೊತ್ತಿತ್ತು. ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದು ಅತ್ತೆ ನೀಲಮ್ಮ ನಾಲ್ಕು ಮಂದಿಯ ಎದುರು ಅಂದರೆ, ಇಲ್ಲವೇ ಗಂಡ ಮಹಾಂತೇಶ ಹೇಳದೆ ಕೇಳದೆ ಯಾವುದೋ ಆಫೀಸಿನ ಊಟದ ಆರ್ಡರು ಹಿಡಿದು ಬಂದರೆ, ದಾಕ್ಷಾಯಣಿ ಹಿಟ್ಟಿನ ಕೈಯಲ್ಲೇ ತಿರುಗಿ ನಿಲ್ಲುತ್ತಿದ್ದಳು. ಮೊದಲ ಮಾತು ಬರುತ್ತಿತ್ತು. ಎರಡನೆಯದು ಏರುತ್ತಿತ್ತು. ಮೂರನೆಯದಕ್ಕೆ ಬಾಯಿ ತೆರೆದಳೋ, ಇಡೀ ಲೋಕವನ್ನು ಹತ್ತಿಯಲ್ಲಿ ಸುತ್ತಿಟ್ಟಂತೆ ಆಗಿಬಿಡುತ್ತಿತ್ತು. ತನ್ನ ದನಿ ತನಗೇ ಕೇಳದು. ಬಾಯಿಂದ ಬಂದದ್ದು ಮಾತೋ ಬರಿಯ ಕೂಗೋ ತಿಳಿಯದು. ಕಿವುಡಿಯೊಬ್ಬಳು ಕೂಗಾಡಿದರೆ ನೋಡುವವರ ಮುಖ ಹೇಗಾಗುತ್ತದೆ ಎಂಬುದನ್ನು ಶಾಲೆಯಲ್ಲಿದ್ದಾಗಲೇ ಕಂಡಿದ್ದವಳು ಅವಳು. ತಟ್ಟನೆ ಬಾಯಿ ಮುಚ್ಚುತ್ತಿದ್ದಳು.

"ಮತ್ತ ಹೋತು ನೋಡ್ರಿ ಬ್ಯಾಟರಿ," ಎಂದು ಮಹಾಂತೇಶ ನಗುತ್ತಿದ್ದ. ಅವಳು ಒಳಗೆ ಹೋಗಿ ಕಿವಿಯ ಮಷೀನಿಗೆ ಬೇರೆ ಬ್ಯಾಟರಿ ಹಾಕಿಕೊಂಡು ಬರುವಷ್ಟರಲ್ಲಿ ಮಾತು ತಣ್ಣಗಾಗಿ, ಅವನು ಗಲ್ಲಾಪೆಟ್ಟಿಗೆಯ ಮುಂದೆ ಕೂತಿರುತ್ತಿದ್ದ. ಮತ್ತೆ ಅದನ್ನೇ ಎತ್ತಿದರೆ ಜಗಳಗಂಟಿಯೆನಿಸಿಕೊಳ್ಳಬೇಕು. ಸುಮ್ಮನೆ ರೊಟ್ಟಿ ಬಡಿಯಲು ಕೂರುತ್ತಿದ್ದಳು.

"ಸಿಟ್ಟು ಅಂದ್ರ ಕರೆಂಟಿದ್ದಂಗ. ಎಲ್ಲಾ ಎಳಕೊಂಬಿಡ್ತತಿ," ಎನ್ನುವುದು ಅತ್ತೆಯ ಸಿದ್ಧಾಂತ. ಖಾಯಂ ಗಿರಾಕಿಗಳಂತೂ "ವೈನಿ, ಚಾರ್ಜ್ ಐತಿಲ್ಲೋ? ಇನ್ನೊಂದು ರೊಟ್ಟಿ ಕೇಳೋದೈತಿ," ಎಂದು ಚೇಷ್ಟೆ ಮಾಡುತ್ತಿದ್ದರು. ಅವಳೂ ನಗುತ್ತಿದ್ದಳು. ಹನ್ನೊಂದು ವರ್ಷ ನಕ್ಕಿದ್ದಳು.

ದಾಕ್ಷಾಯಣಿ ಹುಟ್ಟು ಕಿವುಡಿ. ಎರಡು ತುಂಬುವ ಮೊದಲೇ ತಲೆಯ ಚರ್ಮದೊಳಗೆ ಯಂತ್ರವಿಟ್ಟು, ಕಿವಿಯ ಒಳಗಿನ, ಶಂಖವೆನ್ನುವ ಸುರುಳಿಗೆ ಕೂದಲಿನಷ್ಟು ಸಣ್ಣ ತಂತಿ ಸೇರಿಸಿದ್ದರು. ಹೊರಗೆ ಕಿವಿಯ ಹಿಂದೊಂದು ಮಷೀನು. ಅಯಸ್ಕಾಂತದ ಬಲದಿಂದ ಕೂದಲ ನಡುವೆ ಅಂಟಿಕೊಳ್ಳುವ ನಾಣ್ಯದಂಥದೊಂದು ಬಿಲ್ಲೆ. ಮಷೀನು ಶಬ್ದವನ್ನು ಹಿಡಿಯುತ್ತದೆ, ಬಿಲ್ಲೆ ಒಳಗೆ ದಾಟಿಸುತ್ತದೆ, ತಂತಿಯ ತುದಿಗಳು ನರವನ್ನು ಎಚ್ಚರಿಸುತ್ತವೆ. ಮಗುವಿಗೆ ಎಷ್ಟು ಕೇಳಬೇಕು ಎನ್ನುವುದನ್ನು ತಂದೆತಾಯಿ ಮೊಬೈಲಿನಿಂದಲೇ ಏರಿಸಿ ಇಳಿಸಬಹುದಿತ್ತು. ಅದಕ್ಕೆ 'ಪೋಷಕರ ಕೀಲಿ' ಎನ್ನುತ್ತಿದ್ದರು. ಅಪ್ಪ ಚನ್ನವೀರಪ್ಪ ಆ ಕೀಲಿಯನ್ನು ಕಣ್ಣುಗೊಂಬೆಯ ಹಾಗೆ ಕಾಯ್ದಿದ್ದ. ಮಗಳ ಪರೀಕ್ಷೆಯ ದಿನ ರಸ್ತೆಯ ಗದ್ದಲ ಇಳಿಸುವನು, ಮೇಷ್ಟರ ದನಿ ಏರಿಸುವನು.

ಮದುವೆಯ ದಿನ, ಅಕ್ಷತೆ ಬಿದ್ದು ಮುಗಿದ ಮೇಲೆ, ಆ ಮೊಬೈಲನ್ನು ವೀಳ್ಯದೆಲೆಯ ಮೇಲಿಟ್ಟು ಅಳಿಯನ ಕೈಗೆ ಕೊಟ್ಟ. "ಇನ್ನ ಮ್ಯಾಲ ಈಕಿ ಕಿವಿ ನಿಮ್ಮ ಕೈಯಾಗ," ಎಂದ. ಕೂಡಿದ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು. ದಾಕ್ಷಾಯಣಿಯೂ ಅತ್ತಿದ್ದಳು, ಸುಖಕ್ಕೆ.

ಮಗಳು ಮುಕ್ತಾಳ ಕೈ ಸುಟ್ಟದ್ದು ಒಂದು ಸೋಮವಾರ ಮಧ್ಯಾಹ್ನ. ಶಾಲೆ ಬಿಟ್ಟು ಬಂದ ಆರು ವರ್ಷದ ಹುಡುಗಿ ಒಲೆಯ ಹತ್ತಿರ ಜಾರಿ, ಕಾದ ಹಂಚಿನ ಮೇಲೆ ಅಂಗೈ ಊರಿಬಿಟ್ಟಿತು. ದಾಕ್ಷಾಯಣಿ ಅಲ್ಲೇ ಇದ್ದಳು, ಬೆನ್ನು ಮಾಡಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಕೊಣಮಿಗೆಯಲ್ಲಿ ಹಿಟ್ಟು ನಾದುತ್ತ, ಸಂಜೆಗೆ ಬದನೆಕಾಯಿ ಸಾಕಾಗುತ್ತವೋ ಇಲ್ಲವೋ ಎಂದು ಯೋಚಿಸುತ್ತಿದ್ದಳು. ರೊಟ್ಟಿ ಬಡಿಯುವ ರೇಣವ್ವ ಅವಳನ್ನು ದಾಟಿಕೊಂಡು ಓಡಿದಾಗಲೇ ಅವಳು ತಿರುಗಿದ್ದು. ಮಗಳ ಬಾಯಿ ಪೂರ್ತಿ ತೆರೆದಿತ್ತು. ಕುತ್ತಿಗೆಯ ನರ ಉಬ್ಬಿದ್ದವು. ಆ ಬಾಯಿಂದ ದಾಕ್ಷಾಯಣಿಗೆ ಏನೂ ಬರಲಿಲ್ಲ, ಒಂದು ಎಳೆಯೂ.

ಕೈಗೆ ಪಟ್ಟಿ ಕಟ್ಟಿಸಿ ತಂದ ಮೇಲೆ ಮಗು ಕೇಳಿತು. ಅಳುತ್ತ ಅಲ್ಲ, ಲೆಕ್ಕ ತಪ್ಪಿದವರ ಹಾಗೆ.

"ಅವ್ವ, ನಾ ಜೋರಾಗಿ ಕರದೆ. ಮೂರ ಸಲ ಕರದೆ. ನೀ ಯಾಕ ತಿರಗಲಿಲ್ಲ?"

"ಬ್ಯಾಟರಿ ಹೋಗಿತ್ತವಾ."

"ನಿನಗ ಸಿಟ್ಟು ಬಂದಿದ್ದಿಲ್ಲಲಾ," ಎಂದಿತು ಮಗು.

ಆ ಮಾತು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ನಟ್ಟಿತು. ಮರುದಿನ ಮಗು ನೀರು ಬೇಕಾದಾಗ 'ಅವ್ವಾ' ಎಂದು ಕರೆಯಲಿಲ್ಲ. ರೇಣವ್ವನನ್ನು ಕರೆಯಿತು.

ಶ್ರವಣ ತಜ್ಞೆ ಸಬೀಹಾಳ ಕೋಣೆಗೆ ದಾಕ್ಷಾಯಣಿ ಒಬ್ಬಳೇ ಹೋದಳು. ಮದುವೆಯಾದ ಮೇಲೆ ಅವಳು ಆ ಆಸ್ಪತ್ರೆಯ ಮೆಟ್ಟಿಲು ಹತ್ತಿರಲಿಲ್ಲ. ವರ್ಷಕ್ಕೊಮ್ಮೆ ಮಷೀನಿನ ಹೊಂದಾಣಿಕೆಯೆಲ್ಲ ಮೊಬೈಲಿನಲ್ಲೇ ಮುಗಿಯುತ್ತಿತ್ತು. ಕೇಳುವ ಪ್ರಶ್ನೆಗಳು ಮಹಾಂತೇಶನ ಮೊಬೈಲಿಗೆ ಬರುತ್ತಿದ್ದವು, ಅವನೇ ಉತ್ತರ ಒತ್ತುತ್ತಿದ್ದ. 'ಎಲ್ಲಾ ಬರೋಬ್ಬರಿ ಐತಿ.'

ಗದ್ದಲ ಒಳಗೆ ಬಾರದ ಗಾಜಿನ ಕೋಣೆಯಲ್ಲಿ ಸಬೀಹಾ ಅವಳನ್ನು ಕೂರಿಸಿ ಮಷೀನಿಗೆ ವೈರು ಸೇರಿಸಿದಳು. ತನ್ನಷ್ಟೇ ವಯಸ್ಸಿನ, ಕಣ್ಣ ಕೆಳಗೆ ಕಪ್ಪಾದ ಹೆಂಗಸು. ತುಟಿ ಕಾಣುವ ಹಾಗೆ ಎದುರೇ ಕೂತು ಮಾತಾಡಿದಳು.

"ಶಂಖದಾಗ ಇಪ್ಪತ್ತೆರಡು ತುದಿ ಅದಾವ್ರಿ. ಒಂದೊಂದಕ್ಕ ಒಂದೊಂದು ದನಿ. ಒಳಗ ಹೋದಂಗೆಲ್ಲ ದಪ್ಪ ದನಿ, ಬಾಗಲ ಹತ್ರ ಸಣ್ಣ ದನಿ. ಒಂದೊಂದಕ್ಕ ಸಣ್ಣಗೆ ಕರೆಂಟ್ ಬಿಡ್ತೀನಿ. ನರ ತಿರುಗಿ ಉತ್ತರ ಕೊಡ್ತತಿ. ನೀವು ಸುಮ್ನ ಕೂಡ್ರಿ."

ಪರದೆಯ ಮೇಲೆ ಪುಟ್ಟ ಅಲೆಗಳು ಎದ್ದವು. ಒಳಗಿನ ತುದಿಗಳಲ್ಲಿ ಚೆನ್ನಾಗಿಯೇ ಎದ್ದವು. ಬಾಗಿಲ ಹತ್ತಿರ ಬಂದಂತೆ ಅಲೆ ತಗ್ಗಿತು. ಕೊನೆಯ ಆರರಲ್ಲಿ ಗೆರೆ ಬರೀ ಗೆರೆಯಾಗಿ ಮಲಗಿತು. ಸಬೀಹಾ ಎರಡು ಸಲ ಬಿಟ್ಟು ನೋಡಿದಳು. ಹುಬ್ಬು ಗಂಟಿಕ್ಕಿತು.

"ಇಲ್ಲಿ ಹೊಡ್ತ ಬಿದ್ದಿತ್ತೇನು? ಜ್ವರಾ ಗಿರಾ?"

"ಇಲ್ರಿ. ಸಿಟ್ಟು ಬಂದ್ರ ಬ್ಯಾಟರಿ ಇಳಿತೈತಿ, ಅಷ್ಟ."

ಸಬೀಹಾ ಪೆನ್ನು ಕೆಳಗಿಟ್ಟಳು. "ಏನಂದ್ರಿ?"

ದಾಕ್ಷಾಯಣಿ ನಗುತ್ತಲೇ ಬ್ಯಾಟರಿಯ ಕಥೆ ಹೇಳಿದಳು, ಮಗಳ ಕೈ ಸುಟ್ಟದ್ದನ್ನೂ ಹೇಳಿದಳು. ಸಬೀಹಾ ನಗಲಿಲ್ಲ. "ಬ್ಯಾಟರಿ ಮುಗಿಯೂ ಮುಂದ ಮಷೀನು ಟೂಕ್ ಟೂಕ್ ಅಂತ ಎಚ್ಚರಿಕಿ ಕೊಡ್ತತಿ. ಆವಾಗ ಕೊಡ್ತಿತ್ತೇನು?"

ದಾಕ್ಷಾಯಣಿ ಯೋಚಿಸಿದಳು. ರಾತ್ರಿ ನಿಜವಾಗಿ ಬ್ಯಾಟರಿ ಮುಗಿಯುವಾಗ ಟೂಕ್ ಟೂಕ್ ಎನ್ನುತ್ತಿತ್ತು. ಸಿಟ್ಟು ಬಂದಾಗ ಎಂದೂ ಅಂದದ್ದಿಲ್ಲ. ಹನ್ನೊಂದು ವರ್ಷದಲ್ಲಿ ತಾನೇಕೆ ಇದನ್ನು ಗಮನಿಸಲಿಲ್ಲ?

"ಈಗ ನನ್ನ ಮ್ಯಾಲ ಸಿಟ್ಟಾಗ್ರಿ," ಎಂದಳು ಸಬೀಹಾ.

"ಯಾಕ್ರಿ? ನೀವೇನ ಮಾಡೀರಿ?"

"ನಾನಲ್ಲ, ಬ್ಯಾರೆ ಯಾರರ ಅಂತ ತಿಳಕೊಳ್ರಿ. ಮಗಳು ಮೂರ ಸಲ ಕರದ್ಲು. ನಿಮಗ ಕೇಳಲಿಲ್ಲ. ಹಂಚಿನ ಮ್ಯಾಲಿಂದ ಆಕಿನ್ನ ಎತ್ತಿದ್ದು ಬ್ಯಾರೆಯವರು. ನೀವಲ್ಲ."

"ಹಂಗ ಅನಬ್ಯಾಡ್ರಿ," ಎಂದಳು ದಾಕ್ಷಾಯಣಿ.

"ತಾಯಿ ಆಗಿ ನೀವು ಬೆನ್ನ ಮಾಡಿ ಕುಂತಿದ್ರಿ."

"ಹಂಗ ಅನಬ್ಯಾಡ್ರಿ ಅಂದೆ. ನಾನೇನು ಬೇಕಂತ..." ದನಿ ಏರಿತು. ಮೂರನೆಯ ಮಾತಿಗೆ ಬಾಯಿ ತೆರೆದಳು, ಹತ್ತಿ ಬಂದು ಮುಚ್ಚಿತು. ಅಭ್ಯಾಸದಂತೆ ಬಾಯಿ ಮುಚ್ಚಿ ಕೈಚೀಲದೊಳಗಿನ ಬ್ಯಾಟರಿಗೆ ಕೈ ಹಾಕಿದಳು. ಸಬೀಹಾ ಆ ಕೈ ಹಿಡಿದು, ಪರದೆಯನ್ನು ಅವಳತ್ತ ತಿರುಗಿಸಿದಳು. ಮೂಲೆಯಲ್ಲಿ ಬ್ಯಾಟರಿಯ ಪುಟ್ಟ ಚಿತ್ರ. ಮುಕ್ಕಾಲಿಗಿಂತ ಹೆಚ್ಚು ತುಂಬಿತ್ತು, ಹಸಿರು.

ಸಬೀಹಾ ಹಿಡಿದ ಕೈ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಫ್ಯಾನಿನ ಸದ್ದು ತಾನಾಗಿಯೇ ಮರಳಿತು.

"ನೋಡ್ರಿ, ನೀವು ಸುಮ್ನಾದ್ರಿ, ಕಿವಿ ತಾನ ತೆರಕೊಂತು," ಎಂದಳು ಸಬೀಹಾ. ಬಳಿಕ ಅವಳು ಹೇಳಿದ್ದು ಇಷ್ಟು. ಈ ಮಷೀನಿನಲ್ಲಿ 'ರೂಢಿ' ಎಂಬುದೊಂದಿದೆ. ಪೋಷಕರು ಯಾವ ಯಾವ ಸದ್ದಿಗೆ ದನಿ ಇಳಿಸುತ್ತಾರೆ ಎನ್ನುವುದನ್ನು ಅದು ಗಮನಿಸುತ್ತದೆ. ಅದೇ ಸದ್ದು ಮತ್ತೆ ಮತ್ತೆ ಬಂದು, ಅದೇ ಗುಂಡಿ ಮತ್ತೆ ಮತ್ತೆ ಒತ್ತಿದರೆ, ಆಮೇಲೆ ಒತ್ತುವ ಗೊಡವೆ ಬೇಡವೆಂದು ತಾನೇ ಇಳಿಸುತ್ತದೆ. ಪಟಾಕಿಗೆ, ಮಿಕ್ಸರಿಗೆ ಹೆದರುವ ಮಕ್ಕಳಿಗೆಂದು ಮಾಡಿದ್ದು. ಇವಳ ಮಷೀನು ಕಲಿತದ್ದು ಬೇರೆ: ಏರುವ ಹೆಣ್ಣು ದನಿ. ಮೊದಲು ಇವಳದೇ. ಆಮೇಲೆ ಅದಕ್ಕೆ ಹೋಲುವ ಎಲ್ಲವೂ. ಮಗಳ ಕಿರುಚಾಟ ಅವ್ವನ ಸಿಟ್ಟಿಗೆ ಹೋಲಿತ್ತು, ಮಷೀನಿಗೆ ಅಷ್ಟೇ ಸಾಕಾಗಿತ್ತು.

"ಯಾರು ಕಲಿಸಿದ್ರು?" ಎಂದಳು ದಾಕ್ಷಾಯಣಿ. ಉತ್ತರ ಗೊತ್ತಿದ್ದೂ ಕೇಳಿದಳು, ಅಷ್ಟೇ.

"ಕೀಲಿ ಯಾರ ಮೊಬೈಲಿನಾಗ ಐತಿ?"

ದಾಕ್ಷಾಯಣಿ ಪರದೆಯತ್ತ ಬೆರಳು ಮಾಡಿದಳು. "ಆ ಆರು ತುದಿ? ಸತ್ತಾವೇನು?"

"ಗೊತ್ತಿಲ್ರಿ. ಇಷ್ಟ ವರ್ಷ ಅಲ್ಲಿ ಜೋರು ದನಿ ಬಿದ್ದೇ ಇಲ್ಲ. ಮಂದಿ ತಿರುಗಾಡದ ಹಾದಿ ಮುಚ್ಚಿ ಹೋಗಂಗಿಲ್ಲೇನು? ನರಾನೂ ಹಂಗ. ಸತ್ತಿರಬಹುದು, ಮಲಗಿರಬಹುದು. ರೂಢಿ ಕಿತ್ತು ಹಾಕಿ, ದಿನಾ ಕರದು ನೋಡಬೇಕು. ತಡಾ ಆದಷ್ಟು ಕಷ್ಟ."

"ಈಗ ಕೀಳ್ರಿ."

ಸಬೀಹಾ ಮುಖ ತಗ್ಗಿಸಿದಳು. "ಪೋಷಕರ ಮೊಬೈಲಿಗೆ ಒಂದು ನಂಬರ್ ಹೋಗ್ತತಿ. ಅವರು ಅದನ್ನ ಹೇಳಬೇಕು."

"ನನಗ ಮೂವತ್ತನಾಕು."

"ಗೊತ್ತೈತ್ರಿ."

"ಹದಿನೆಂಟಾದಾಗ ಆ ಕೀಲಿ ನನಗ ಯಾಕ ಕೊಡ್ಲಿಲ್ಲ ನೀವು?"

"ಕೊಡಬೇಕಿತ್ತು," ಎಂದಳು ಸಬೀಹಾ. "ಯಾರೂ ಕೇಳಲಿಲ್ಲ ಅಂತ ನಾವೂ ಕೊಡ್ಲಿಲ್ಲ. ಎಷ್ಟೋ ಹುಡುಗ್ಯಾರ್ದು ಹಂಗ ಉಳಕೊಂಡೈತಿ. ನೀವು ಮನೀಗೆ ಹೋಗಿ ಫೋನ್ ಹಚ್ರಿ. ಎಷ್ಟೊತ್ತಿದ್ರೂ ನಾ ಇಲ್ಲೇ ಕುಂತಿರ್ತೀನಿ."

ಆಟೋದಲ್ಲಿ ಕೂತು ಅಪ್ಪನಿಗೆ ವಿಡಿಯೋ ಕರೆ ಮಾಡಿದಳು. ಆಟೋದ ಕುಲುಕಾಟಕ್ಕೆ ಅಪ್ಪನ ಮುಖ ಅತ್ತಿತ್ತ ಹೊಯ್ದಾಡುತ್ತಿತ್ತು. ಹೇಳಿದ್ದನ್ನೆಲ್ಲ ಕೇಳಿ ಅವನು ಕನ್ನಡಕ ತೆಗೆದ.

"ನಾ ಛಲೋದಕ್ಕ ಕೊಟ್ಟಿದ್ನೆವಾ ತಂಗಿ. ನಿನ್ನ ಕಾಳಜಿ ಮಾಡವರು ಒಬ್ರು ಬೇಕಲಾ ಅಂತ."

"ನನ್ನ ಕೈಯಾಗ ಯಾಕ ಕೊಡ್ಲಿಲ್ಲಪಾ?"

"ನಿನ್ನ ಕೈಯಾಗ?" ಎಂದ ಚನ್ನವೀರಪ್ಪ. ತುಟಿ ಅಷ್ಟೇ ಆಡಿತು. ಸುಳ್ಳು ಹೇಳುವವನ ಮುಖವಲ್ಲ ಅದು. ಹಾಗೊಂದು ದಾರಿ ಇತ್ತೆಂಬುದು ಅವನಿಗೆ ಈಗ, ಈ ಗಳಿಗೆಯಲ್ಲಿ, ಮೊದಲ ಸಲ ಹೊಳೆಯುತ್ತಿತ್ತು. ಅದನ್ನು ಕಂಡಾಗ ದಾಕ್ಷಾಯಣಿಗೆ ಎಲ್ಲಕ್ಕಿಂತ ಹೆಚ್ಚು ಉರಿಯಿತು. ಕೆಟ್ಟವನಾಗಿದ್ದರೆ ಬೈಯಬಹುದಿತ್ತು. ಪ್ರೀತಿ ಮಾಡಿದವನಿಗೂ ಮಗಳ ಕೈ ಒಂದು ಕೈಯಾಗಿ ಕಂಡಿರಲಿಲ್ಲ. ಅಕ್ಷತೆಯ ಅಕ್ಕಿಕಾಳು, ವೀಳ್ಯದೆಲೆ, ಅದರ ಮೇಲೆ ತನ್ನ ಕಿವಿ. ಆ ದಿನ ತಾನು ಅತ್ತದ್ದನ್ನು ನೆನೆದು ಮೈಯೆಲ್ಲ ಕಾದುಹೋಯಿತು.

ಖಾನಾವಳಿಯಲ್ಲಿ ಮಧ್ಯಾಹ್ನದ ಗದ್ದಲ ಶುರುವಾಗಿತ್ತು. ಬೆಂಚುಗಳೆಲ್ಲ ತುಂಬಿದ್ದವು. ಮಹಾಂತೇಶ ಗಲ್ಲಾದ ಮುಂದಿದ್ದ. ನೀಲಮ್ಮ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ಕೂತಿದ್ದಳು. ಕೈಗೆ ಪಟ್ಟಿ ಕಟ್ಟಿಕೊಂಡ ಮುಕ್ತಾ ರೇಣವ್ವನ ಪಕ್ಕದಲ್ಲಿ ಹಿಟ್ಟಿನ ಉಂಡೆಯೊಂದಿಗೆ ಆಡುತ್ತಿತ್ತು.

ದಾಕ್ಷಾಯಣಿ ಗಲ್ಲಾದ ಹತ್ತಿರ ನಿಂತು, ದನಿ ಏರದಂತೆ ಹಿಡಿದು ಕೇಳಿದಳು. "ನಾ ಸಿಟ್ಟಾದಾಗ ನೀವು ನನ್ನ ಕಿವಿ ಬಂದ್ ಮಾಡ್ತಿದ್ರೇನು?"

ಅವನ ಕೈ ಚಿಲ್ಲರೆಯ ಮೇಲೆ ನಿಂತಿತು. ಇಲ್ಲವೆನ್ನಲಿಲ್ಲ.

"ಮೊದಲಿಗೆ ಒಂದೆರಡು ವರ್ಷ. ನಿನಗ ತಲಿಶೂಲಿ ಬರ್ತಿತ್ತು, ನೆನಪೈತಿಲ್ಲೋ? ನೀ ಒದರಿದ್ರ ನಿನಗ ತ್ರಾಸು. ನಿನ್ನ ಸಲುವಾಗೆ ಮಾಡಿದ್ದು. ಆಮ್ಯಾಲ ನಾ ಒತ್ತೇ ಇಲ್ಲ, ನಿನ್ನಾಣಿ. ಅದು ತಾನ ಕಲ್ತತಿ."

"ಬ್ಯಾಟರಿ ಅಂದ್ರಿ."

"ಏನರ ಒಂದು ಹೇಳಬೇಕಲಾ."

ನೀಲಮ್ಮ ಬಾಗಿಲಲ್ಲೇ ಕೂತು ನಡುವೆ ಬಾಯಿ ಹಾಕಿದಳು. "ನಿಮ್ಮ ಮಾವಾರು ನನ್ನ ಬಾಯಿ ಮ್ಯಾಲ ಹೊಡೀತಿದ್ರು. ಇವ ಒಂದು ಗುಂಡಿ ಒತ್ಯಾನ. ಅದಕ್ಕ ಊಟದ ಹೊತ್ತಿನಾಗ ಇಷ್ಟು ರಂಪ ಮಾಡ್ತೀ ಏನು?"

ದಾಕ್ಷಾಯಣಿ ಅತ್ತೆಯ ಕಡೆ ನೋಡಿದಳು. ಆ ಹೆಂಗಸು ಅದನ್ನು ಹೆಮ್ಮೆಯಿಂದ ಹೇಳಿದ್ದಳು, ಕಾಲ ಸುಧಾರಿಸಿತೆನ್ನುವ ಹಾಗೆ. ಅವಳ ಕೆಳತುಟಿಯ ಎಡಕ್ಕೆ ಒಂದು ಹಳೆಯ ಗೀರು ಇತ್ತು. ಇಷ್ಟು ವರ್ಷ ಆ ತುಟಿಯನ್ನೇ ಓದಿದ್ದರೂ ಆ ಗೀರು ಎಲ್ಲಿಂದ ಬಂತೆಂದು ಕೇಳಿರಲಿಲ್ಲ.

"ಕೀಲಿ ನನ್ನ ಹೆಸರಿಗೆ ಮಾಡಾಕ ಆಸ್ಪತ್ರಿ ಸಬೀಹಾ ಅವರು ಒಂದು ನಂಬರ್ ಕಳಸ್ತಾರ," ಎಂದಳು ಗಂಡನಿಗೆ. "ಕೊಡ್ರಿ."

"ಕೊಡ್ತೀನಿ. ನಾ ಎಲ್ಲಿ ಒಲ್ಲೆ ಅಂದೆ? ನಿನ್ನ ಸಿಟ್ಟು ಇಳೀಲಿ, ಸಂಜೀಕ ಕುಂತು ಮಾತಾಡೂಣು."

"ಈಗ ಕೊಡ್ರಿ."

"ಮೊದಲ ಶಾಂತ ಆಗು, ದಾಕ್ಷಾ."

"ನನ್ನ ಮಗಳ ಕೈ..." ಎಂದು ಅವಳ ದನಿ ಏರಿತು. ಹತ್ತಿ ಬಂತು. ಎದುರಿಗೆ ಮಹಾಂತೇಶನ ಮುಖದಲ್ಲಿ ಒಂದು ಸಣ್ಣ ನೆಮ್ಮದಿ ಮೂಡಿದ್ದನ್ನು ಅವಳು ಕಂಡಳು. ಬಾಗಿಲು ತಾನಾಗಿ ಮುಚ್ಚಿಕೊಂಡಾಗ ಒಳಗಿನವರಿಗೆ ಆಗುವ ನೆಮ್ಮದಿ. ಇದೇ ಮುಖವನ್ನು ಅವಳು ಸಾವಿರ ಸಲ ನೋಡಿದ್ದಳು, ಗಂಡನ ತಾಳ್ಮೆ ಎಂದುಕೊಂಡಿದ್ದಳು.

ಅವಳು ಕೂದಲಿಗೆ ಕೈ ಹಾಕಿ ಬಿಲ್ಲೆ ಕಿತ್ತಳು. ಮಷೀನನ್ನು ಕಿವಿಯಿಂದ ತೆಗೆದು ಚಿಲ್ಲರೆಯ ನಡುವೆ ಇಟ್ಟಳು. ಈಗ ಯಾರಾದರೂ ಮುಚ್ಚಬಹುದಾದ್ದು ಏನೂ ಇರಲಿಲ್ಲ. ಹುಟ್ಟಿದಾಗ ಇದ್ದ ಮೌನ, ಅವಳದೇ ಸ್ವಂತದ್ದು.

ಬಾಯಿ ತೆರೆದು ಕೂಗಿದಳು.

ಏನು ಕೂಗಿದಳೆಂದು ಅವಳಿಗೆ ಕೇಳಲಿಲ್ಲ. ಗಂಟಲು ಹರಿಯುವುದು ತಿಳಿಯಿತು. ಎದೆಯ ಗೂಡು ನಡುಗುವುದು ತಿಳಿಯಿತು. ರೊಟ್ಟಿ ಮುರಿಯುತ್ತಿದ್ದ ಕೈಗಳು ನಿಂತವು. ಚಾರ್ಜ್ ಐತಿಲ್ಲೋ ಎನ್ನುತ್ತಿದ್ದ ಗಿರಾಕಿ ತುತ್ತು ಬಾಯಲ್ಲಿಟ್ಟುಕೊಂಡೇ ಕಲ್ಲಾದ. ಮಾತು ಮಾತಾಗಿ ಬರುತ್ತಿದೆಯೋ ಇಲ್ಲವೋ ಎಂದು ಅವಳು ಈ ಸಲ ಯೋಚಿಸಲಿಲ್ಲ. ಶಾಲೆಯಲ್ಲಿ ಕಂಡ ಮುಖಗಳೇ ಸುತ್ತ ಇದ್ದವು. ಇರಲಿ. ಕೈ ಸುಟ್ಟದ್ದನ್ನು ಕೂಗಿದಳು, ಬ್ಯಾಟರಿಗಳನ್ನು ಕೂಗಿದಳು, ಉಪ್ಪನ್ನು, ಆರ್ಡರುಗಳನ್ನು, ವೀಳ್ಯದೆಲೆಯನ್ನು, ಹನ್ನೊಂದು ವರ್ಷದ ಪ್ರತಿಯೊಂದು ಮೂರನೆಯ ಮಾತನ್ನೂ ಕೂಗಿದಳು. ಮಹಾಂತೇಶನ ಹೆಬ್ಬೆರಳು ಮೊಬೈಲಿನ ಮೇಲೆ ಏನನ್ನೋ ಹುಡುಕಿತು. ಒತ್ತಲು ಏನೂ ಸಿಗಲಿಲ್ಲ. ಅವನು 'ಸಾಕು, ಸಾಕು' ಎನ್ನುತ್ತಿದ್ದುದು ತುಟಿಯಲ್ಲಿ ಕಾಣುತ್ತಿತ್ತು. ಅವಳು ಕಣ್ಣು ಬೇರೆ ಕಡೆ ಹೊರಳಿಸಿದಳು. ಓದಲಿಲ್ಲ.

ನೀಲಮ್ಮ ಎದ್ದು ಬಂದಳು. ಎಳೆದು ಒಳಗೆ ಒಯ್ಯಲು ಬಂದಳೆಂದು ದಾಕ್ಷಾಯಣಿ ಮೈ ಬಿಗಿ ಹಿಡಿದಳು. ಮುದುಕಿ ಅವಳನ್ನು ದಾಟಿ ಗಲ್ಲಾದ ಹತ್ತಿರ ಹೋಗಿ ಮಗನ ಕೈಯಿಂದ ಮೊಬೈಲು ಕಸಿದು ಸೊಸೆಯ ಮುಂದೆ ಕುಕ್ಕಿದಳು. ಮುಖದಲ್ಲಿ ಪ್ರೀತಿಯೇನೂ ಇರಲಿಲ್ಲ. ತುಟಿ ಮಾತ್ರ ನಡುಗುತ್ತಿತ್ತು, ಗೀರಿನ ಕಡೆ.

ದಾಕ್ಷಾಯಣಿ ತನ್ನ ಮೊಬೈಲಿನಿಂದ ವಿಡಿಯೋ ಕರೆ ಮಾಡಿದಾಗ ಸಬೀಹಾ ಕಾದೇ ಕೂತಿದ್ದಳು. ಗಂಡನ ಮೊಬೈಲಿಗೆ ನಂಬರು ಬಂತು. ಕಣ್ಣೀರಿನಲ್ಲಿ ಅಂಕಿಗಳು ಕದಡಿ ಕಂಡವು. ಆಗ ಒಂದು ಪಟ್ಟಿ ಕಟ್ಟಿದ ಕೈ ಅವಳ ಸೆರಗು ಜಗ್ಗಿತು. ಮುಕ್ತಾ ಬೆಂಚಿನ ಮೇಲೆ ಹತ್ತಿ ನಿಂತು, ಅವ್ವನ ಎದುರು ಮುಖವಿಟ್ಟು, ಶಾಲೆಯಲ್ಲಿ ಹೇಳುವ ಹಾಗೆ ಬಾಯಿ ದೊಡ್ಡದು ಮಾಡಿ ಒಂದೊಂದೇ ಅಂಕಿ ಓದಿತು. ದಾಕ್ಷಾಯಣಿ ಅದರ ತುಟಿ ನೋಡಿ ಸಬೀಹಾಳಿಗೆ ಹೇಳಿದಳು.

'ಪೋಷಕರು' ಎಂಬಲ್ಲಿ ಇದ್ದ ಹೆಸರು ಅಳಿಸಿತು. ಅಲ್ಲಿ ಅವಳ ಹೆಸರು ಬಂತು. ರೂಢಿ ಹೋಯಿತು.

ಮಷೀನು ಹಾಕಿಕೊಂಡಾಗ ಲೋಕ ಡೋಲು ಬಡಿದ ಹಾಗೆ ಕೇಳಿತು. ಪಾತ್ರೆ, ಬೆಂಚು, ಹೊರಗಿನ ಟಂಟಂ ಗಾಡಿ, ಎಲ್ಲವೂ ಮೊಂಡಾಗಿ, ಅಂಚಿಲ್ಲದೆ. ತಲೆ ಸಿಡಿಯಿತು. ಮುಕ್ತಾ ಪೂರ್ತಿ ಬಾಯಿ ತೆರೆದು "ಅವ್ವಾ" ಎಂದು ಕಿರುಚಿತು. ದಾಕ್ಷಾಯಣಿಗೆ ಕೇಳಿದ್ದು ಆ ದನಿಯ ಕೆಳಗಿನ ಅರ್ಧ ಮಾತ್ರ, ಗೋಡೆಯಾಚೆ ಯಾರೋ ಕರೆದಂತೆ. ಮೇಲಿನರ್ಧ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಆ ಆರು ತುದಿಗಳು ಇನ್ನೂ ಮಲಗಿದ್ದವು. ಏಳುತ್ತವೆಯೆಂದು ಸಬೀಹಾಳೂ ಮಾತು ಕೊಟ್ಟಿರಲಿಲ್ಲ.

"ಇನ್ನೊಮ್ಮೆ ಕರೀವಾ," ಎಂದಳು.

"ಅವ್ವಾ."

"ಇನ್ನೂ ಜೋರಾಗಿ."

"ಮಂದಿ ಉಣ್ಣಾಕತ್ತಾರ," ಎಂದ ಮಹಾಂತೇಶ, ತಗ್ಗಿದ ದನಿಯಲ್ಲಿ. "ಆತಲಾ ಈಗ. ನಿನಗ ಬೇಕಾದ್ದು ಸಿಕ್ತು. ಇನ್ನರ ಸಮಾಧಾನ ಮಾಡಿಕೋ."

ಅವನ ದಪ್ಪ ದನಿ ಅಚ್ಚುಕಟ್ಟಾಗಿ ಕೇಳಿತು. ಅದನ್ನು ಹಿಡಿಯುವ ತುದಿಗಳಿಗೆ ಇಷ್ಟು ವರ್ಷ ಒಂದು ದಿನವೂ ಉಪವಾಸವಿರಲಿಲ್ಲ.

ದಾಕ್ಷಾಯಣಿ ಅವನ ಕಡೆ ತಿರುಗಿ ನಿಂತಳು.

"ಸಮಾಧಾನ ಆಗಿಲ್ಲ," ಎಂದಳು.

"ನನ್ನ ಮಗಳ ಅರ್ಧ ದನಿ ನೀ ತಿಂದೀ," ಎಂದಳು. ಅವನನ್ನು ನೀ ಎಂದದ್ದು ಅದೇ ಮೊದಲು. ದನಿ ಏರಿತ್ತು.

ಮೂರನೆಯದಕ್ಕೆ ಬಾಯಿ ತೆರೆದಳು. ಹತ್ತಿಗಾಗಿ ಒಂದು ಕ್ಷಣ ಕಾಯ್ದಳು. ಬರಲಿಲ್ಲ. ತನ್ನದೇ ದನಿ, ಒಡಕು, ಗೊಗ್ಗರು, ಮೇಲಿನಂಚು ಸವೆದದ್ದು, ಖಾನಾವಳಿಯ ಗೋಡೆಗೆ ಬಡಿದು ಅವಳ ಕಿವಿಗೇ ಮರಳಿ ಬಂತು. ಅದಾದ ಮೇಲೆ ನಾಲ್ಕನೆಯ ಮಾತು ಏನಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ ಅಷ್ಟು ದೂರ ಅವಳು ಹೋಗಿಯೇ ಇರಲಿಲ್ಲ.

ಸೆರಗು ಸಿಕ್ಕಿಸಿಕೊಂಡು, ನಾಲ್ಕನೆಯ ಮಾತು ಆಡತೊಡಗಿದಳು.